ಮೊದಲ ಸಲ ಮುಂಬೈ: ನಾಲ್ಕು ದಿನ, ಐದು ಜನ, ಒಂದು ಲೋಕಲ್ ಟ್ರೇನ್

ಪ್ರಶ್ನೆ: ನಾವು ದಾವಣಗೆರೆಯವರು. ಡಿಸೆಂಬರ್‌ನಲ್ಲಿ ಒಂದು ಶುಕ್ರವಾರ ಬೆಳಗ್ಗೆ ಮುಂಬೈ ತಲುಪಿ, ಸೋಮವಾರ ರಾತ್ರಿ ಹೊರಡುವ ಯೋಚನೆ ಇದೆ. ನಾನು, ನನ್ನ ಹೆಂಡತಿ, 9 ವರ್ಷದ ಮಗಳು, ಜೊತೆಗೆ ಅಪ್ಪ, ಅಮ್ಮ. ಅಪ್ಪನಿಗೆ ಮಂಡಿ ನೋವು. ಅಮ್ಮನಿಗೆ ಸಿದ್ಧಿವಿನಾಯಕ, ಮಹಾಲಕ್ಷ್ಮಿ ದರ್ಶನ ಆಗಲೇಬೇಕು. ಮಗಳಿಗೆ ಸಮುದ್ರ ಮತ್ತು ಲೋಕಲ್ ಟ್ರೇನ್. ನನಗೆ ಆ ಲೋಕಲ್ ಟ್ರೇನಿನದೇ ಭಯ. ರೈಲೋ ವಿಮಾನವೋ ಇನ್ನೂ ತೀರ್ಮಾನ ಆಗಿಲ್ಲ. ಎಲ್ಲಿ ಉಳಿಯಬೇಕು, ಹೇಗೆ ಓಡಾಡಬೇಕು, ಏನನ್ನು ಬಿಡಬೇಕು?

ಉತ್ತರ: ಮೊದಲು ಫೋನಿನಲ್ಲಿ ಮುಂಬೈ ನಕ್ಷೆ ತೆರೆದು ನೋಡಿ. ಇದು ಬೆಂಗಳೂರಿನ ಹಾಗೆ ನಾಲ್ಕೂ ಕಡೆ ಹರಡಿಕೊಂಡ ಊರಲ್ಲ. ಸಮುದ್ರದೊಳಗೆ ಚಾಚಿಕೊಂಡ ಉದ್ದನೆಯ ಪಟ್ಟಿ. ಹಳೆಯ ಊರು, ಹೈಕೋರ್ಟು, ಮಂತ್ರಾಲಯ (ಇಲ್ಲಿ ರಾಜ್ಯ ಸರ್ಕಾರದ ಸಚಿವಾಲಯಕ್ಕೆ ಆ ಹೆಸರು), ಬ್ಯಾಂಕುಗಳ ದೊಡ್ಡ ಕಚೇರಿಗಳು ದಕ್ಷಿಣದ ತುದಿಯಲ್ಲಿವೆ. ಜನ ವಾಸ ಮಾಡುವುದು ಹೆಚ್ಚಾಗಿ ಉತ್ತರದಲ್ಲಿ. ಹಾಗಾಗಿ ಬೆಳಗ್ಗೆ 8ರಿಂದ 11ರವರೆಗೆ ಊರಿಗೆ ಊರೇ ದಕ್ಷಿಣಕ್ಕೆ ಹೊರಡುತ್ತದೆ. ಸಂಜೆ ಸುಮಾರು 5:30ರಿಂದ 9ರವರೆಗೆ ಅಷ್ಟೂ ಜನ ಉತ್ತರಕ್ಕೆ ವಾಪಸಾಗುತ್ತಾರೆ. ಟಿವಿಯಲ್ಲಿ ತೋರಿಸುತ್ತಾರಲ್ಲ, ಬಾಗಿಲಲ್ಲಿ ಜನ ನೇತಾಡುವ ಲೋಕಲ್, ಅದು ಆ ಹೊತ್ತಿನದು, ಆ ದಿಕ್ಕಿನದು. ಅದೇ ಹೊತ್ತಿಗೆ ಎದುರು ದಿಕ್ಕಿಗೆ ಹೋಗುವ ಟ್ರೇನಿನ ಸ್ಥಿತಿ ಬೇರೆಯೇ ಇರುತ್ತದೆ. ಅಂಧೇರಿ, ಬಾಂದ್ರಾ-ಕುರ್ಲಾ ಕಡೆ ಆಫೀಸುಗಳು ಬಂದಮೇಲೆ ಆ ಕಡೆಗೂ ಜನ ಜಾಸ್ತಿ ಆಗಿದ್ದಾರೆ, ನಿಜ. ಆದರೂ ಹೋಲಿಕೆಯೇ ಇಲ್ಲ.

ಆದ್ದರಿಂದ ನನ್ನ ಸಲಹೆಯೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ. ಮುಂಬೈಯಲ್ಲಿ ನೋಡುವ ಜಾಗಗಳ ಪಟ್ಟಿ ಮಾಡಿಕೊಂಡು ಹೊರಡಬೇಡಿ. ಹೊತ್ತು ಮತ್ತು ದಿಕ್ಕು ನೋಡಿಕೊಂಡು ಹೊರಡಿ. ಊರು ಹೋಗುವ ಕಡೆಗೆ ಆ ಹೊತ್ತಿನಲ್ಲಿ ನೀವು ಹೋಗದಿದ್ದರೆ, ಮಗು ಮತ್ತು ವಯಸ್ಸಾದವರನ್ನು ಕರೆದುಕೊಂಡು ಆರಾಮಾಗಿ ಓಡಾಡಬಹುದು.

ಉಳಿಯುವ ಜಾಗವೂ ಇದರಿಂದಲೇ ತೀರ್ಮಾನವಾಗುತ್ತದೆ. ನೋಡಬೇಕಾದದ್ದು ಬಹುಪಾಲು ದಕ್ಷಿಣದಲ್ಲಿದೆ. ಫೋರ್ಟ್, ಚರ್ಚ್‌ಗೇಟ್, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ಸ್ಟೇಷನ್), ಕೊಲಾಬಾ ಸುತ್ತ ರೂಮು ಹಿಡಿಯಿರಿ. ಬಾಡಿಗೆ ಜಾಸ್ತಿ, ರೂಮು ಚಿಕ್ಕದು. ಆದರೂ ಅಂಧೇರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಅಲ್ಲಿ ಉಳಿದರೆ ದಿನಾ ಬೆಳಗ್ಗೆ ಗದ್ದಲದ ಜೊತೆಗೇ ಇಳಿದು, ಸಂಜೆ ಗದ್ದಲದ ಜೊತೆಗೇ ಹತ್ತಬೇಕು. ನಾಲ್ಕೇ ದಿನ ಇರುವವರಿಗೆ, ಅದೂ ಮಂಡಿ ನೋವಿನವರು ಜೊತೆಯಲ್ಲಿದ್ದಾಗ, ಆ ಉಳಿತಾಯ ಉಳಿತಾಯವೇ ಅಲ್ಲ. ದಕ್ಷಿಣ ಕೈಗೆ ಎಟುಕದಿದ್ದರೆ ದಾದರ್-ಮಾಟುಂಗಾ ನೋಡಿ. ಅದು ಊರಿನ ನಡುಭಾಗ.

ಬುಕ್ ಮಾಡುವ ಮೊದಲು ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ರೂಮು ಎಷ್ಟನೇ ಮಹಡಿಯಲ್ಲಿದೆ, ಲಿಫ್ಟ್ ಕೆಲಸ ಮಾಡುತ್ತದೆಯಾ? ಫೋರ್ಟ್ ಕಡೆಯ ಎಷ್ಟೋ ಲಾಡ್ಜ್‌ಗಳು ಹಳೆಯ ಕಟ್ಟಡಗಳ ಮೂರನೇ, ನಾಲ್ಕನೇ ಮಹಡಿಯಲ್ಲಿವೆ. ಕೆಲವು ಕಡೆ ಕಡಿದಾದ ಮರದ ಮೆಟ್ಟಿಲು. ಫೋಟೋದಲ್ಲಿ ಅದು ಕಾಣುವುದಿಲ್ಲ.

ಡಿಸೆಂಬರ್ ಒಳ್ಳೆಯ ತಿಂಗಳು. ಮಳೆ ಇಲ್ಲ, ಸೆಕೆ ಕಡಿಮೆ. ಆದರೆ ದಿನಾಂಕ ನೋಡಿಕೊಳ್ಳಿ. ಡಿಸೆಂಬರ್ 6 ಡಾ. ಬಿ.ಆರ್. ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನ. ದಾದರ್‌ನ ಚೈತ್ಯಭೂಮಿಗೆ ನಮನ ಸಲ್ಲಿಸಲು ದೇಶದ ಮೂಲೆಮೂಲೆಯಿಂದ ಲಕ್ಷಾಂತರ ಜನ ಬರುತ್ತಾರೆ. ನೀವೂ ಅದಕ್ಕಾಗಿಯೇ ಬರುವುದಾದರೆ ಸರಿ. ಇಲ್ಲದಿದ್ದರೆ ಅದರ ಹಿಂದುಮುಂದಿನ ದಿನಗಳಲ್ಲಿ ದಾದರ್ ಕಡೆಯ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೊಲಾಬಾದಲ್ಲಿ ಬಾಡಿಗೆ ಏರುತ್ತದೆ. 31ರ ರಾತ್ರಿ ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್ ಕಡೆ ಮಕ್ಕಳನ್ನು ಕರೆದುಕೊಂಡು ಹೋಗಲೇಬಾರದು. ಡಿಸೆಂಬರ್ ಎರಡನೇ ಅಥವಾ ಮೂರನೇ ವಾರ ನಿಮಗೆ ಸರಿ.

ಇನ್ನು ಊರು ತಲುಪುವ ವಿಷಯ. ರೈಲಿನಲ್ಲಿ ಬಂದರೆ ಟಿಕೆಟ್‌ನಲ್ಲಿ ಕೊನೆಯ ಸ್ಟೇಷನ್ ಯಾವುದು ಅಂತ ಸರಿಯಾಗಿ ಓದಿ. ಮುಂಬೈಗೆ ಒಂದು ಮುಖ್ಯ ಸ್ಟೇಷನ್ ಅನ್ನುವುದಿಲ್ಲ. ಬೆಂಗಳೂರಿನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೆ ಬರುತ್ತದೆ. ಚಾಲುಕ್ಯ, ಶರಾವತಿ ದಾದರ್‌ಗೆ ಬರುತ್ತವೆ. ಮಂಗಳೂರಿನ ಮತ್ಸ್ಯಗಂಧ ಬರುವುದು ಕುರ್ಲಾ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ. ಸಿಎಸ್‌ಎಂಟಿಯನ್ನು ಜನ ಇವತ್ತಿಗೂ ‘ವಿಟಿ’ (ಹಳೆಯ ಹೆಸರು ವಿಕ್ಟೋರಿಯಾ ಟರ್ಮಿನಸ್) ಅಂತಲೇ ಕರೆಯುತ್ತಾರೆ, ಗಲಿಬಿಲಿ ಆಗಬೇಡಿ. ಮುಂಬೈ ಸೆಂಟ್ರಲ್ ಅನ್ನುವ ಸ್ಟೇಷನ್ ಇರುವುದು ಲೋಕಲ್ ಟ್ರೇನಿನ ವೆಸ್ಟರ್ನ್ ಲೈನ್‌ನಲ್ಲಿ, ಸೆಂಟ್ರಲ್ ಲೈನ್‌ನಲ್ಲಿ ಅಲ್ಲ. ಬಾಂದ್ರಾ ಟರ್ಮಿನಸ್ ಬೇರೆ, ಬಾಂದ್ರಾ ಲೋಕಲ್ ಸ್ಟೇಷನ್ ಬೇರೆ. ಮಾಟುಂಗಾ ಬೇರೆ, ಮಾಟುಂಗಾ ರೋಡ್ ಬೇರೆ. ಹೊಸಬರು ರೈಲು ತಪ್ಪಿಸಿಕೊಳ್ಳುವುದಕ್ಕೆ ದೊಡ್ಡ ಕಾರಣ ಈ ಹೆಸರುಗಳೇ.

ನಿಮ್ಮ ಬಜೆಟ್‌ಗೆ, ಸಾಮಾನಿಗೆ, ಅಪ್ಪನ ಮಂಡಿಗೆ ರೈಲೇ ಸರಿ ಅನ್ನುವುದು ನನ್ನ ಅಭಿಪ್ರಾಯ. ದಾವಣಗೆರೆಯವರು ವಿಮಾನ ಹಿಡಿಯಲು ಮೊದಲು ಬೇರೆ ಊರಿಗೆ ಹೋಗಬೇಕು, ಅಲ್ವಾ? ಆದರೂ ವಿಮಾನವೇ ಅಂತಾದರೆ, ಯಾವ ನಿಲ್ದಾಣ ಅಂತ ನೋಡಿ. ನವಿ ಮುಂಬೈಯಲ್ಲಿ ಈಗ ಇನ್ನೊಂದು ವಿಮಾನ ನಿಲ್ದಾಣ ಶುರುವಾಗಿದೆ. ಟಿಕೆಟ್‌ನಲ್ಲಿ ‘ಬಿಒಎಂ’ ಇದ್ದರೆ ಹಳೆಯದು, ‘ಎನ್‌ಎಂಐ’ ಇದ್ದರೆ ಹೊಸದು. ಹೊಸದು ದಕ್ಷಿಣ ಮುಂಬೈಗೆ ತುಂಬ ದೂರ. ಹಳೆಯದರಲ್ಲೂ ಟರ್ಮಿನಲ್ 1 ಮತ್ತು 2ಕ್ಕೆ ಹೋಗುವ ರಸ್ತೆಗಳೇ ಬೇರೆ.

ಈಗ ಓಡಾಟ. ನಿಮ್ಮಂಥ ಕುಟುಂಬಕ್ಕೆ ಈಚೆಗೆ ಆದ ದೊಡ್ಡ ಅನುಕೂಲ ಮೆಟ್ರೋ 3, ಅಂದರೆ ಆಕ್ವಾ ಲೈನ್. 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆಯಿತು. ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿ.ಮೀ., 27 ಸ್ಟೇಷನ್, ಬಹುತೇಕ ಎಲ್ಲವೂ ನೆಲದಡಿ. ಏಸಿ ಇದೆ, ಲಿಫ್ಟ್ ಇದೆ, ಎಸ್ಕಲೇಟರ್ ಇದೆ. ಟಿಕೆಟ್ 10ರಿಂದ 70 ರೂಪಾಯಿ. ಚರ್ಚ್‌ಗೇಟ್, ಹುತಾತ್ಮಾ ಚೌಕ್, ಸಿಎಸ್‌ಎಂಟಿ, ಸಿದ್ಧಿವಿನಾಯಕ, ದಾದರ್, ಹಳೆಯ ವಿಮಾನ ನಿಲ್ದಾಣದ ಎರಡೂ ಟರ್ಮಿನಲ್, ಎಲ್ಲವೂ ಇದೇ ಲೈನ್‌ನಲ್ಲಿವೆ. ಅಪ್ಪ, ಅಮ್ಮನನ್ನು ಕರೆದುಕೊಂಡು ಉತ್ತರ-ದಕ್ಷಿಣ ಓಡಾಡುವುದಕ್ಕೆ ಇದನ್ನೇ ಮೊದಲು ನೋಡಿ. ರಾತ್ರಿ 10:30ರ ಹೊತ್ತಿಗೆ ಕೊನೆಯ ಗಾಡಿಗಳು ಹೊರಡುತ್ತವೆ, ನೆನಪಿರಲಿ.

ಆಟೋ ದಕ್ಷಿಣ ಮುಂಬೈಯಲ್ಲಿ ಇಲ್ಲವೇ ಇಲ್ಲ. ಒಂದು ಕಡೆ ಬಾಂದ್ರಾ, ಇನ್ನೊಂದು ಕಡೆ ಸಯಾನ್, ಅಲ್ಲಿಂದ ಉತ್ತರಕ್ಕೆ ಮಾತ್ರ ಆಟೋ. ದಕ್ಷಿಣದಲ್ಲಿ ಕಪ್ಪು-ಹಳದಿ ಟ್ಯಾಕ್ಸಿ. ಇದನ್ನು ‘ಕಾಲಿ-ಪೀಲಿ’ ಅನ್ನುತ್ತಾರೆ. 2025ರ ಫೆಬ್ರವರಿಯಿಂದ ಮೊದಲ ಒಂದೂವರೆ ಕಿ.ಮೀ.ಗೆ ಟ್ಯಾಕ್ಸಿಗೆ 31 ರೂಪಾಯಿ, ಆಟೋಗೆ 26 ರೂಪಾಯಿ. ರಾತ್ರಿ 12ರಿಂದ ಬೆಳಗ್ಗೆ 5ರವರೆಗೆ ಕಾಲು ಭಾಗ ಜಾಸ್ತಿ. ಮೀಟರ್ ಹಾಕಿ ಹೋಗುವುದು ಇಲ್ಲಿ ಸಾಮಾನ್ಯ ಪದ್ಧತಿ. ದೊಡ್ಡ ಸ್ಟೇಷನ್ ಬಾಗಿಲಲ್ಲಿ ‘ಎಲ್ಲಿಗೆ ಸಾಹೇಬ್?’ ಅಂತ ತಾವಾಗಿ ಬಂದು ಕೇಳುವವರನ್ನು ಬಿಟ್ಟು, ರಸ್ತೆಗೆ ಬಂದು ಓಡುವ ಟ್ಯಾಕ್ಸಿಗೆ ಕೈ ತೋರಿಸಿ. ಒಂದು ಮುಖ್ಯ ವಿಷಯ: ಟ್ಯಾಕ್ಸಿಯಲ್ಲಿ ನಾಲ್ಕು ಜನ, ಆಟೋದಲ್ಲಿ ಮೂರು ಜನ. ನೀವು ಐವರು. ಪ್ರತಿ ಸಲ ಎರಡು ಟ್ಯಾಕ್ಸಿ ಹಿಡಿಯಬೇಕು, ಇಲ್ಲವೇ ಆ್ಯಪ್‌ನಲ್ಲಿ ಆರು ಸೀಟಿನ ಗಾಡಿ ಕರೆಸಬೇಕು. ಖರ್ಚಿನ ಲೆಕ್ಕವನ್ನು ಈಗಲೇ ಹಾಗೆ ಹಾಕಿಕೊಳ್ಳಿ.

ಲೋಕಲ್ ಟ್ರೇನಿನ ಭಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮಗಳ ಆಸೆಯನ್ನು ದಯವಿಟ್ಟು ಬಿಡಿಸಬೇಡಿ. ಸರಿಯಾದ ಹೊತ್ತಿನಲ್ಲಿ ಹೋದರೆ ಅದು ಖುಷಿಯ ಪ್ರಯಾಣ. ಭಾನುವಾರ ಬೆಳಗ್ಗೆ 8ರ ಸುಮಾರಿಗೆ ಚರ್ಚ್‌ಗೇಟ್‌ಗೆ ಹೋಗಿ. ಇಲ್ಲಿಂದಲೇ ಟ್ರೇನ್ ಹೊರಡುವುದರಿಂದ ನಿಂತ ಗಾಡಿಗೆ ನಿಧಾನವಾಗಿ ಹತ್ತಿ ಕೂರಬಹುದು. ಟಿಕೆಟ್ ಕೌಂಟರ್‌ನಲ್ಲೋ ಮೆಷಿನ್‌ನಲ್ಲೋ ತೆಗೆದುಕೊಳ್ಳಿ, ಪ್ಲಾಟ್‌ಫಾರ್ಮ್‌ಗೆ ಕಾಲಿಡುವ ಮೊದಲೇ ಅದು ಕೈಯಲ್ಲಿರಲಿ. ಇಂಡಿಕೇಟರ್‌ನಲ್ಲಿ ಸ್ಲೋ ಅಂತ ಇರುವ ಗಾಡಿಯನ್ನೇ ಹತ್ತಿ. ಸ್ಲೋ ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುತ್ತದೆ, ಫಾಸ್ಟ್ ಕೆಲವನ್ನು ಬಿಟ್ಟು ಓಡುತ್ತದೆ. ಏಸಿ ಲೋಕಲ್ ಸಿಕ್ಕಿದರೆ ಅಪ್ಪ, ಅಮ್ಮನಿಗೆ ಇನ್ನೂ ಸುಖ. ಅದರ ಬಾಗಿಲು ತಾನಾಗಿ ಮುಚ್ಚುತ್ತದೆ, ಆದರೆ ಟಿಕೆಟ್ ಬೇರೆ. ಮಾಮೂಲಿ ಸೆಕೆಂಡ್ ಕ್ಲಾಸ್ ಟಿಕೆಟ್ ಹಿಡಿದು ಏಸಿಗೆ ಅಥವಾ ಫಸ್ಟ್ ಕ್ಲಾಸ್‌ಗೆ ಹತ್ತಿದರೆ ದಂಡ ಬೀಳುತ್ತದೆ. ಹೆಂಗಸರ ಡಬ್ಬಿ, ಅಂಗವಿಕಲರ ಡಬ್ಬಿ ಬೇರೆ ಇರುತ್ತವೆ. ನೀವು ಅವಸರದಲ್ಲಿ ತಪ್ಪಿಯೂ ಅವುಗಳಿಗೆ ಹತ್ತಬೇಡಿ. ಗದ್ದಲ ಇಲ್ಲದ ಹೊತ್ತಿನಲ್ಲಿ ಎಲ್ಲರೂ ಸಾಮಾನ್ಯ ಡಬ್ಬಿಯಲ್ಲೇ ಒಟ್ಟಿಗೆ ಕೂರುವುದು ಒಳ್ಳೆಯದು.

ಬಾಂದ್ರಾದಲ್ಲಿ ಇಳಿಯಿರಿ. ಇಳಿಯುವ ಸ್ಟೇಷನ್‌ಗಿಂತ ಒಂದು ಸ್ಟೇಷನ್ ಮೊದಲೇ ಎದ್ದು ಬಾಗಿಲ ಹತ್ತಿರ ಬನ್ನಿ, ಯಾಕೆಂದರೆ ಗಾಡಿ ನಿಲ್ಲುವುದು ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಅಂತ ಪಕ್ಕದವರನ್ನು ಕೇಳಿ, ಹೇಳುತ್ತಾರೆ. ಈ ಊರಿನ ಪ್ರಯಾಣಿಕರು ಅವಸರದವರು, ಆದರೆ ದಾರಿ ಕೇಳಿದರೆ ಇಲ್ಲ ಅನ್ನುವವರಲ್ಲ. ಬಾಗಿಲಲ್ಲಿ ನಿಂತು ಫೋನ್ ಹಿಡಿದು ವೀಡಿಯೊ ಮಾಡಬೇಡಿ. ಹಳಿ ಪಕ್ಕ ನಿಂತು ಕೋಲಿನಿಂದ ಕೈಗೆ ಹೊಡೆದು ಫೋನ್ ಬೀಳಿಸುವ ಕಳ್ಳರಿದ್ದಾರೆ, ‘ಫಟ್ಕಾ ಗ್ಯಾಂಗ್’ ಅಂತಲೇ ಅವರಿಗೆ ಹೆಸರು. ಹಾಗೆ ಬಿದ್ದು ಪ್ರಾಣ ಕಳೆದುಕೊಂಡವರೂ ಇದ್ದಾರೆ. ಹಳಿ ದಾಟಬೇಡಿ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ಯಾರು ದಾಟುವುದನ್ನು ಕಂಡರೂ ನೀವು ಮೇಲ್ಸೇತುವೆಯಲ್ಲೇ ಹೋಗಿ.

ಮನೆಯವರೆಲ್ಲ ಕೂತು ಮೊದಲೇ ಒಂದು ಮಾತು ಆಡಿಕೊಳ್ಳಿ. ಯಾರಾದರೂ ಗಾಡಿಯಲ್ಲೇ ಉಳಿದುಬಿಟ್ಟರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು, ಇಳಿದ ಜಾಗದಲ್ಲೇ ನಿಲ್ಲಬೇಕು. ಹಿಂದೆ ಉಳಿದವರು ಅಲ್ಲಿಗೇ ಬರುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತಾ ಓಡಾಡಿದರೆ ಗೊಂದಲ ಹೆಚ್ಚುತ್ತದೆ. ಮಗಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ಸ್ಲೋ ಗಾಡಿ ಹತ್ತಿ ಅಂದಿದ್ದು ಇದಕ್ಕೂ ಕೂಡ: ಮುಂದಿನ ಸ್ಟೇಷನ್ ಎರಡು-ಮೂರು ನಿಮಿಷದಲ್ಲಿ ಬಂದುಬಿಡುತ್ತದೆ. ರೈಲ್ವೆ ಸಹಾಯಕ್ಕೆ 139, ಬೇರೆ ಯಾವ ತುರ್ತಿಗೂ 112.

ಬಾಂದ್ರಾದಿಂದ ಟ್ಯಾಕ್ಸಿಯಲ್ಲಿ ವಾಪಸ್ ಬನ್ನಿ. ಬಾಂದ್ರಾ-ವರ್ಲಿ ಸೀ ಲಿಂಕ್ ಹತ್ತಿಸಿ, ಅಲ್ಲಿಂದ ಕೋಸ್ಟಲ್ ರೋಡ್ ಹಿಡಿದು ಮರೀನ್ ಡ್ರೈವ್‌ವರೆಗೆ. ಸೀ ಲಿಂಕ್ 5.6 ಕಿ.ಮೀ. ಉದ್ದ, 2009ರಲ್ಲಿ ಶುರುವಾಯಿತು. ಟೋಲ್ ನೀವು ಕೊಡಬೇಕಾಗುತ್ತದೆ. ಒಂದೇ ಬೆಳಗ್ಗೆಯಲ್ಲಿ ಮಗಳಿಗೆ ಟ್ರೇನೂ ಆಯಿತು, ಸಮುದ್ರದ ಮೇಲಿನ ಸೇತುವೆಯೂ ಆಯಿತು. 10 ಗಂಟೆಯೊಳಗೆ ಲೋಕಲ್ ಮುಗಿಸಿ ಅನ್ನುವುದಕ್ಕೆ ಕಾರಣ ಇದೆ. ಭಾನುವಾರ ಹಳಿ ರಿಪೇರಿಗೆ ಗಂಟೆಗಟ್ಟಲೆ ‘ಮೆಗಾ ಬ್ಲಾಕ್’ ಇರುತ್ತದೆ. ಆಗ ಗಾಡಿಗಳು ಕಡಿಮೆ, ಇದ್ದವುಗಳಲ್ಲಿ ಭಾರಿ ಗದ್ದಲ. ಯಾವ ಲೈನ್‌ನಲ್ಲಿ ಎಷ್ಟು ಹೊತ್ತು ಅಂತ ಹಿಂದಿನ ದಿನದ ಸುದ್ದಿಯಲ್ಲಿ ಬಂದಿರುತ್ತದೆ.

ಭಾನುವಾರದ ಉಳಿದ ಹೊತ್ತನ್ನು ಫೋರ್ಟ್‌ಗೆ ಇಡಿ. ಆಫೀಸುಗಳಿಗೆ ರಜೆ, ರಸ್ತೆ ಖಾಲಿ. ಕತ್ತೆತ್ತಿ ಕಟ್ಟಡ ನೋಡುತ್ತಾ ನಡೆಯುವುದಕ್ಕೆ ವಾರದಲ್ಲಿ ಇದೊಂದೇ ದಿನ. 1888ರಲ್ಲಿ ಕಟ್ಟಿ ಮುಗಿಸಿದ ಸಿಎಸ್‌ಎಂಟಿ ಕಟ್ಟಡವನ್ನು ಎದುರಿನಿಂದ ನೋಡಿ. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಇದು ಇವತ್ತಿಗೂ ದುಡಿಯುವ ಸ್ಟೇಷನ್. ಆಮೇಲೆ ಓವಲ್ ಮೈದಾನಕ್ಕೆ ಬನ್ನಿ. ಒಂದು ಬದಿಗೆ ಹೈಕೋರ್ಟು, ರಾಜಾಬಾಯಿ ಗಡಿಯಾರ ಗೋಪುರ, ಚೂಪು ಕಮಾನಿನ ಕಲ್ಲು ಕಟ್ಟಡಗಳು. ಎದುರು ಬದಿಗೆ ದುಂಡು ಬಾಲ್ಕನಿಗಳ ಆರ್ಟ್ ಡೆಕೊ ಮನೆಗಳು. ಎರಡು ಕಾಲದ ಮುಂಬೈ ಒಂದು ಮೈದಾನದ ಆಚೀಚೆ ನಿಂತಿದೆ, ನಡುವೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಈ ಊರಿನಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ಟಿಕೆಟ್ ಇಲ್ಲ, ಸರದಿ ಇಲ್ಲ. ಅಪ್ಪ ಅಲ್ಲೇ ನೆರಳಿನಲ್ಲಿ ಕೂತಿರಬಹುದು. ಇನ್ನೂ ಹೊತ್ತಿದ್ದರೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ.

ಎಲಿಫೆಂಟಾ ದ್ವೀಪದ ಗುಹೆಗಳನ್ನು ಶನಿವಾರ ನೋಡಿ. ಗೇಟ್‌ವೇಯಿಂದ ದೋಣಿಯಲ್ಲಿ ಹೋಗಬೇಕು. ಸೋಮವಾರ ಗುಹೆಗಳಿಗೆ ರಜೆ, ತುಂಬ ಜನ ಅದು ಗೊತ್ತಿಲ್ಲದೆ ಗೇಟ್‌ವೇವರೆಗೆ ಬಂದು ವಾಪಸ್ ಹೋಗುತ್ತಾರೆ. ಬೆಳಗ್ಗೆ 9ರ ಸುಮಾರಿನ ಮೊದಲ ದೋಣಿಗಳಲ್ಲೇ ಹೊರಡಿ. ಒಂದು ಗಂಟೆಯ ದಾರಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಮಗಳಿಗೆ ಅಳತೆಯದ್ದು ಸಿಗುವವರೆಗೆ ಬಿಡಬೇಡಿ. ದ್ವೀಪದಲ್ಲಿ ಇಳಿದಮೇಲೆ ಸುಮಾರು 120 ಮೆಟ್ಟಿಲು. ಅಪ್ಪನಿಗೆ ಡೋಲಿ ಸಿಗುತ್ತದೆ, ಹೋಗಿ ಬರುವ ಎರಡಕ್ಕೂ ಸೇರಿಸಿ ಮೊದಲೇ ಬೆಲೆ ಮಾತಾಡಿ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದರೆ ಮಂಗ ಬಿಡುವುದಿಲ್ಲ. ಬಾದಾಮಿ ಗುಹೆ ನೋಡಿದವರು ಇಲ್ಲಿನ ತ್ರಿಮೂರ್ತಿಯ ಮುಂದೆ ಖಂಡಿತ ನಿಲ್ಲಬೇಕು. ಆಳೆತ್ತರದ ಮೂರು ಪಟ್ಟು ಇರುವ ಶಿವನ ಮೂರು ಮುಖ, ಮಬ್ಬುಗತ್ತಲಲ್ಲಿ ನಿಧಾನವಾಗಿ ಕಣ್ಣಿಗೆ ತೆರೆದುಕೊಳ್ಳುತ್ತದೆ. ಡೋಲಿ ಬೇಡ, ಮೆಟ್ಟಿಲೂ ಆಗುವುದಿಲ್ಲ ಅಂತ ಅಪ್ಪ ಹೇಳಿದರೆ ಒತ್ತಾಯ ಮಾಡಬೇಡಿ. ಗೇಟ್‌ವೇಯಿಂದಲೇ ಬಂದರಿನಲ್ಲಿ ಒಂದು ಸುತ್ತು ಹಾಕಿಸುವ ದೋಣಿಗಳೂ ಇವೆ.

ಶುಕ್ರವಾರ ಬಂದ ದಿನ ರೂಮಿನಲ್ಲಿ ಮಲಗಿ ಎದ್ದು, ಮಧ್ಯಾಹ್ನ 3ರ ಮೇಲೆ ಮಹಾಲಕ್ಷ್ಮಿಗೆ ಹೋಗಿ. ಇಲ್ಲಿ ಎಚ್ಚರ: ಮಹಾಲಕ್ಷ್ಮಿ ಅನ್ನುವ ರೈಲು ಸ್ಟೇಷನ್ ಮತ್ತು ಮೆಟ್ರೋ ಸ್ಟೇಷನ್ ಎರಡೂ ದೇವಸ್ಥಾನದಿಂದ ದೂರ. ಅಪ್ಪನಿಗೆ ನಡೆಯಲು ಆಗುವುದಿಲ್ಲ, ರೂಮಿನಿಂದಲೇ ಟ್ಯಾಕ್ಸಿ ಮಾಡಿ. ದರ್ಶನ ಮುಗಿಸಿ, ಸೂರ್ಯ ಮುಳುಗುವ ಮೊದಲು ಗಿರ್ಗಾಂವ್ ಚೌಪಾಟಿಗೆ ಬನ್ನಿ. ಡಿಸೆಂಬರ್‌ನಲ್ಲಿ 6ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಮಗಳು ಮರಳಲ್ಲಿ ಆಡಲಿ, ನೀರಿಗೆ ಮಾತ್ರ ಇಳಿಸಬೇಡಿ. ಅಲ್ಲಿಂದ ಮರೀನ್ ಡ್ರೈವ್ ಕಟ್ಟೆಯ ಮೇಲೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಬಿಡಬೇಕಾದದ್ದು ಯಾವುದು ಅಂತ ಕೇಳಿದ್ದೀರಿ. ಸಿನಿಮಾ ನಟರ ಮನೆ ತೋರಿಸುವ ಟೂರ್ ಬಿಡಿ, ಗೇಟು ಬಿಟ್ಟು ಏನೂ ಕಾಣುವುದಿಲ್ಲ. ಜುಹು ಬೀಚ್ ಬಿಡಿ, ಚೌಪಾಟಿ ನೋಡಿದಮೇಲೆ ಅದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಕಾನ್ಹೇರಿ ಗುಹೆಗಳು ಅದ್ಭುತವಾಗಿವೆ, ಆದರೆ ಬೊರಿವಲಿಯ ಕಾಡಿನೊಳಗೆ ಹತ್ತಿ ಇಳಿಯುವ ದಾರಿ. ಈ ಸಲ ಬೇಡ. ಇಡೀ ಮುಂಬೈಯನ್ನು ಒಂದೇ ದಿನದಲ್ಲಿ ತೋರಿಸುವ ಬಸ್ಸನ್ನೂ ಬಿಡಿ. ದಿನದ ಬಹುಪಾಲು ಟ್ರಾಫಿಕ್‌ನಲ್ಲಿ ಕೂತು ಕಳೆಯುತ್ತೀರಿ.

ಮಳೆಗಾಲದಲ್ಲಿ ಬರಲು ಯೋಚಿಸುತ್ತಿರುವ ಬೇರೆ ಓದುಗರಿಗೂ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮುನ್ಸೂಚನೆಯ ಜೊತೆ ಸಮುದ್ರದ ಉಬ್ಬರದ ಹೊತ್ತನ್ನೂ ನೋಡಿ. ಉಬ್ಬರ ಏರಿದಾಗ ಊರಿನ ಮಳೆ ನೀರು ಸಮುದ್ರಕ್ಕೆ ಇಳಿಯುವುದಿಲ್ಲ. ಜೋರು ಮಳೆ ಮತ್ತು ದೊಡ್ಡ ಉಬ್ಬರ ಒಟ್ಟಿಗೆ ಬಂದರೆ ರಸ್ತೆ, ಹಳಿ ಎರಡೂ ಮುಳುಗುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದು ಊರೇ ನಿಂತುಹೋಗಿತ್ತು. ಅಂಥ ಎಚ್ಚರಿಕೆ ಇದ್ದ ದಿನ ರೂಮು ಬಿಟ್ಟು ಹೊರಡಬೇಡಿ.

ಸೋಮವಾರ, ಹೊರಡುವ ದಿನ. ಇಲ್ಲೇ ಹೆಚ್ಚಿನವರು ಎಡವುವುದು. ಸಂಜೆ 6ಕ್ಕೆ ಫೋರ್ಟ್‌ನಿಂದ ಪೆಟ್ಟಿಗೆ ಹೊತ್ತುಕೊಂಡು ದಾದರ್‌ಗೋ ಕುರ್ಲಾಕ್ಕೋ ಹೊರಡುತ್ತಾರೆ. ಊರೆಲ್ಲ ಆ ದಿಕ್ಕಿಗೇ ಹೋಗುವ ಹೊತ್ತು ಅದು. ನಿಮ್ಮ ರೈಲು ದಾದರ್‌ನದು ಅಂತಾದರೆ ಹೀಗೆ ಮಾಡಿ. ಬೆಳಗ್ಗೆ ನಿಧಾನವಾಗಿ ರೂಮು ಖಾಲಿ ಮಾಡಿ, 11ರ ಮೇಲೆ ಎರಡು ಟ್ಯಾಕ್ಸಿಯಲ್ಲಿ ಸಾಮಾನು ಸಮೇತ ದಾದರ್‌ಗೆ ಬನ್ನಿ. ಕ್ಲೋಕ್ ರೂಮಿನಲ್ಲಿ ಸಾಮಾನು ಇಡಿ. ಪೆಟ್ಟಿಗೆಗೆ ಬೀಗ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ, ರೈಲು ಟಿಕೆಟ್ಟೂ ತೋರಿಸಬೇಕು. ಸಿದ್ಧಿವಿನಾಯಕ ಅಲ್ಲಿಂದ ಹತ್ತಿರ. ಮಂಗಳವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಸೋಮವಾರ ಪರವಾಗಿಲ್ಲ. ಆ ಸೋಮವಾರ ಸಂಕಷ್ಟಿ ಬಂದಿದೆಯಾ ಅಂತ ಮಾತ್ರ ಅಮ್ಮನ ಹತ್ತಿರ ಕ್ಯಾಲೆಂಡರ್ ನೋಡಿಸಿ.

ಊಟಕ್ಕೆ ಮಾಟುಂಗಾಕ್ಕೆ ಬನ್ನಿ. ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್ ಕಡೆಗಲ್ಲ, ಸೆಂಟ್ರಲ್ ಲೈನಿನ ಮಾಟುಂಗಾ ಕಡೆಗೆ. ಅಲ್ಲಿ ಕಿವಿಗೆ ಕನ್ನಡ, ತುಳು ಬೀಳುತ್ತದೆ. ಸ್ಟೇಷನ್ ಹತ್ತಿರ 1942ರಿಂದ ನಡೆಯುತ್ತಿರುವ ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಬಾಳೆ ಎಲೆಯ ಊಟ. ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಷನ್ ಕೂಡ ಇದೇ ಮಾಟುಂಗಾದಲ್ಲಿದೆ. ಮೂರು ದಿನ ವಡಾಪಾವ್, ಪಾವ್‌ಭಾಜಿ ತಿಂದ ಅಪ್ಪ, ಅಮ್ಮನಿಗೆ ಆ ಅನ್ನ-ಸಾರು ಎಷ್ಟು ಹಿತ ಅನ್ನುವುದನ್ನು ನಾನು ತುಂಬ ಮನೆಯವರಲ್ಲಿ ನೋಡಿದ್ದೇನೆ.

ಸ್ಟೇಷನ್‌ಗೆ ರೈಲಿನ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬನ್ನಿ. ದಾದರ್‌ನ ಮೇಲ್ಸೇತುವೆಗಳು ಸಂಜೆ ತುಂಬಿ ತುಳುಕುತ್ತವೆ, ಅಪ್ಪನಿಗೆ ಆ ಮೆಟ್ಟಿಲು ಬೇಡ. ಲಿಫ್ಟ್ ಅಥವಾ ಎಸ್ಕಲೇಟರ್ ಇರುವ ಸೇತುವೆ ಯಾವುದು ಅಂತ ಸಾಮಾನು ಇಡುವಾಗಲೇ ಕೇಳಿಟ್ಟುಕೊಳ್ಳಿ. 2023ರ ಡಿಸೆಂಬರ್‌ನಿಂದ ಇಲ್ಲಿ ಪ್ಲಾಟ್‌ಫಾರ್ಮ್ ನಂಬರ್‌ಗಳು ಬದಲಾಗಿವೆ: 1ರಿಂದ 7 ವೆಸ್ಟರ್ನ್, 8ರಿಂದ 14 ಸೆಂಟ್ರಲ್. ಹಿಂದೆ ಹೋಗಿ ಬಂದವರು ಹೇಳಿದ ನಂಬರ್ ನಂಬಿಕೊಂಡು ಹೋಗದೆ, ಬೋರ್ಡ್ ನೋಡಿಯೇ ಸೇತುವೆ ಇಳಿಯಿರಿ. ಹಮಾಲರನ್ನು ಕರೆದರೆ ಕೂಲಿ ಎಷ್ಟು ಅಂತ ಮೊದಲೇ ಮಾತಾಡಿ, ನಿಮ್ಮ ಬೋಗಿ ನಂಬರ್ ಹೇಳಿ. ಬೋಗಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.